ಹೈಡ್ರೋಕಾರ್ಟಿಸೋನ್ ಕ್ರೀಮು: ತುರಿಕೆ ನಿಂತ ಮಾತ್ರಕ್ಕೆ ರೋಗ ಹೋಯ್ತಾ?

ಹಲವು ದೇಶಗಳಲ್ಲಿ ಡಾಕ್ಟರ ಚೀಟಿ ಇಲ್ಲದೆಯೇ ಸಿಗುವ ಕ್ರೀಮು ಇದು. ಹೈಡ್ರೋಕಾರ್ಟಿಸೋನ್ 0.5 ಅಥವಾ 1 ಶೇಕಡಾ ಇರುತ್ತದೆ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಇದರ ಜೋರು ತೀರಾ ಕಡಿಮೆ. 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಚರ್ಮವೈದ್ಯರು ಇದನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡರು. ಅದಕ್ಕೆ ಮೊದಲು ಇದರದೇ ಬಳಗದ ಕಾರ್ಟಿಸೋನ್ ಹಚ್ಚಿ ನೋಡಿದ್ದರು, ಪ್ರಯೋಜನವಾಗಿರಲಿಲ್ಲ.

ಕೆಲಸ ಹೇಗೆ? ಉರಿ, ಊತ ತರುವ ರಾಸಾಯನಿಕಗಳ ತಯಾರಿಯನ್ನು ಇದು ತಗ್ಗಿಸುತ್ತದೆ. ರಕ್ತನಾಳಗಳು ಕಿರಿದಾಗುತ್ತವೆ, ಕೆಂಪು ಇಳಿಯುತ್ತದೆ. ಆದರೆ ಸೋಂಕಿನ ವಿರುದ್ಧ ಆ ಜಾಗದ ಕಾವಲೂ ಸಡಿಲವಾಗುತ್ತದೆ. ನಾವು ಎಡವುವುದು ಇಲ್ಲೇ.

ಎರಡು ಚರ್ಮ ನೋಡೋಣ. ಒಂದರಲ್ಲಿ ಮಣಿಕಟ್ಟಿನ ಒಳಬದಿಗೆ ಚಿಕ್ಕ ಚೌಕದಷ್ಟು ಕೆಂಪು, ಸಣ್ಣ ಗುಳ್ಳೆ, ತುರಿಕೆ. ವಾಚಿನ ಬಕಲ್ ಕೂರುವ ಜಾಗವೇ ಅದು. ನಿಕ್ಕಲ್ ಅಲರ್ಜಿ ಇರಬಹುದು. ಬಕಲ್ ತೆಗೆದಿಟ್ಟು ಕ್ರೀಮು ಹಚ್ಚಿದರೆ ಕೆಲಸ ಆಗುತ್ತದೆ; ತೆಗೆಯದೆ ಹಚ್ಚಿದರೆ ಸುಮ್ನೆ ಟ್ಯೂಬ್ ಖಾಲಿ. ಇನ್ನೊಂದರಲ್ಲಿ ತೊಡೆಯ ಮೇಲೆ ಬಳೆಯಂಥ ಗುರುತು. ಅಂಚು ಉಬ್ಬಿದೆ, ಹೊಟ್ಟು ಏಳುತ್ತಿದೆ, ನಡುವೆ ಮಾತ್ರ ಚರ್ಮ ತಿಳಿಯಾಗಿದೆ. ಇದು ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು. ಇದಕ್ಕೂ ಕ್ರೀಮು ಹಚ್ಚಿದರೆ ತುರಿಕೆ ನಿಲ್ಲುತ್ತದೆ! ಅಂಚು ಮಸುಕಾಗುತ್ತದೆ, ಶಿಲೀಂಧ್ರ ಮಾತ್ರ ಆರಾಮಾಗಿ ಹರಡುತ್ತದೆ. ಆಮೇಲೆ ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ. ಇದಕ್ಕೆ ಟೀನಿಯಾ ಇನ್‌ಕಾಗ್ನಿಟೋ ಅನ್ನುತ್ತಾರೆ, ವೇಷ ಮರೆಸಿಕೊಂಡ ಹುಳುಕಡ್ಡಿ.

ಎಷ್ಟು ಹಚ್ಚಬೇಕು? ‘ತೆಳ್ಳಗೆ’ ಅಂತ ಬರೆದಿರುತ್ತಾರೆ, ಅದರಿಂದ ಏನು ತಿಳಿಯುತ್ತದೆ ಹೇಳಿ. ಬೆರಳತುದಿ ಅಳತೆ ಕಲಿಯಿರಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಒಂದು ಎಳೆ, ಟ್ಯೂಬಿನ ಬಾಯಿ 5 ಮಿಲಿಮೀಟರ್. ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ದಿನಕ್ಕೆ ಒಂದೆರಡು ಸಲ, ಒಂದು ವಾರ ಮೀರಬೇಡಿ. ಅಷ್ಟರಲ್ಲಿ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಎಲ್ಲಿ ಹಚ್ಚುತ್ತೇವೆ ಅನ್ನುವುದೂ ಮುಖ್ಯ. ಯಾವ ಜಾಗದ ಚರ್ಮ ಇದನ್ನು ಎಷ್ಟು ಹೀರುತ್ತದೆ ಅಂತ 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ಅಳೆದು ನೋಡಿದರು. ಮುಂಗೈ ಹೀರುವುದನ್ನು 1 ಅಂದುಕೊಂಡರೆ ಹಣೆ 6, ವೃಷಣದ ಚರ್ಮ 42! ಔಷಧಿ ಒಂದೇ, ಚರ್ಮ ಬೇರೆ. ಅದಕ್ಕೇ ಮುಖ, ಕಣ್ಣಿನ ಸುತ್ತ, ಗುಪ್ತಾಂಗಗಳಿಗೆ ಸ್ವಂತ ನಿರ್ಧಾರದಿಂದ ಹಚ್ಚಬಾರದು. ಮೇಲೆ ಪಟ್ಟಿ ಬಿಗಿದರೂ ಹೀರುವುದು ಜಾಸ್ತಿಯಾಗುತ್ತದೆ. ಗಾಯ, ಕೀವು, ಮೊಡವೆಗೆ ಬೇಡ. ಮಕ್ಕಳ ವಯಸ್ಸಿನ ಮಿತಿ ದೇಶದಿಂದ ದೇಶಕ್ಕೆ ಬೇರೆ, ಲೇಬಲ್ ಓದಿ.

ಕೊನೆಗೆ ಟ್ಯೂಬಿನ ಮೇಲಿನ ಸಣ್ಣ ಅಕ್ಷರ. ಅಲ್ಲಿ ಕ್ಲೋಬೆಟಾಸಾಲ್ ಅಂತ ಕಂಡರೆ ಈ ಟಿಪ್ಪಣಿ ಅದಕ್ಕಲ್ಲ. ಅದು ಸ್ಟೀರಾಯ್ಡ್‌ಗಳಲ್ಲೇ ಅತಿ ಜೋರಿನದು. ಜೊತೆಗೆ ಶಿಲೀಂಧ್ರದ ಔಷಧಿ, ಆ್ಯಂಟಿಬಯೋಟಿಕ್ ಸೇರಿಸಿದ್ದರೂ ಅದರ ಜೋರೇನೂ ಇಳಿಯುವುದಿಲ್ಲ.