ವಿಷಯ ಸಿಕ್ಕಿದೆ, ಪ್ರಯೋಗ ಮಾಡೋದು ಹೇಗೆ?

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ವಿಜ್ಞಾನದ ಪ್ರಾಜೆಕ್ಟಿಗೆ ‘ಇಡ್ಲಿ ಹಿಟ್ಟು ಉಬ್ಬುವುದು’ ಅನ್ನೋ ವಿಷಯ ಆರಿಸಿಕೊಂಡಿದ್ದಾಳೆ. ಉದ್ದೇಶ, ಊಹೆ, ವಿಧಾನ ಬರೆದು ತಾ ಅಂತ ಟೀಚರ್ ಹೇಳಿದ್ದಾರೆ. ಇಬ್ಬರೂ ಕೂತು ಯೋಚಿಸಿದರೂ ಮುಂದಕ್ಕೆ ಹೋಗುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ವಿಷಯ ಚೆನ್ನಾಗಿದೆ. ಸೋಡಾಕ್ಕೆ ವಿನೆಗರ್ ಸುರಿದು ಉಕ್ಕಿಸುವ ಜ್ವಾಲಾಮುಖಿಗಿಂತ ಎಷ್ಟೋ ವಾಸಿ. ಜ್ವಾಲಾಮುಖಿ ಉಕ್ಕುತ್ತೆ ಅಂತ ನೋಡುವವರಿಗೆಲ್ಲ ಮೊದಲೇ ಗೊತ್ತು. ಇಡ್ಲಿ ಹಿಟ್ಟಿನ ವಿಚಾರ ಹಾಗಲ್ಲ, ಒಂದೇ ಮನೆಯ ಅತ್ತೆ-ಸೊಸೆಗೂ ಒಮ್ಮತ ಇರುವುದಿಲ್ಲ.

ನೀವು ಸಿಕ್ಕಿಹಾಕಿಕೊಂಡಿರುವುದು ಎಲ್ಲಿ ಅಂದರೆ, ‘ಇಡ್ಲಿ ಹಿಟ್ಟು ಉಬ್ಬುವುದು’ ಇನ್ನೂ ಪ್ರಶ್ನೆಯಾಗಿಲ್ಲ. ‘ಹಿಟ್ಟು ಯಾಕೆ ಉಬ್ಬುತ್ತೆ?’ ಅಂತ ಕೇಳಿದರೂ ಸಾಲದು, ಅದಕ್ಕೆ ಉತ್ತರ ಪುಸ್ತಕದಲ್ಲೇ ಇದೆ. ಉದ್ದಿನ ಬೇಳೆಯ ಜೊತೆಗೇ ಬರುವ ಬ್ಯಾಕ್ಟೀರಿಯಾಗಳು, ಅದರಲ್ಲೂ ಲ್ಯೂಕೊನಾಸ್ಟಾಕ್ ಜಾತಿಯವು, ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಆ ಅನಿಲವನ್ನು ಉದ್ದಿನ ಲೋಳೆ ಹಿಡಿದಿಟ್ಟುಕೊಳ್ಳುತ್ತೆ, ಹಿಟ್ಟು ಮೇಲೇರುತ್ತೆ. ಇದನ್ನು ಚಾರ್ಟಿನಲ್ಲಿ ಬರೆದು ಅಂಟಿಸಬಹುದು, ಅಷ್ಟೇ. ಪ್ರಯೋಗಕ್ಕೆ ಬೇಕಾದ ಪ್ರಶ್ನೆಯನ್ನು ಓದಿದರೆ ಎರಡು ಸಂಗತಿ ಎದ್ದು ಕಾಣಬೇಕು: ಏನನ್ನು ಬದಲಾಯಿಸುತ್ತೇವೆ, ಏನನ್ನು ಅಳೆಯುತ್ತೇವೆ.

ಮನೆಯ ಜಗಳವನ್ನೇ ತೆಗೆದುಕೊಳ್ಳಿ. ಉಪ್ಪನ್ನು ರುಬ್ಬಿದ ತಕ್ಷಣ ಹಾಕಬೇಕೋ, ಬೆಳಗ್ಗೆ ಇಡ್ಲಿ ಹುಯ್ಯುವ ಮುಂಚೆ ಹಾಕಬೇಕೋ? ಮೊದಲೇ ಹಾಕಿದರೆ ಹಿಟ್ಟು ಸರಿಯಾಗಿ ಏಳುವುದಿಲ್ಲ ಅಂತ ಒಬ್ಬರು, ಹಾಗೇನಿಲ್ಲ ಅಂತ ಇನ್ನೊಬ್ಬರು. ಇದನ್ನು ಹೀಗೆ ತಿರುಗಿಸಿ: ‘ರುಬ್ಬಿದ ಹಿಟ್ಟಿಗೆ ಹಾಕುವ ಉಪ್ಪು ಹೆಚ್ಚಾದಂತೆ, 12 ಗಂಟೆಯೊಳಗೆ ಹಿಟ್ಟು ಏರುವ ಎತ್ತರ ಬದಲಾಗುತ್ತಾ?’ ಬದಲಾಯಿಸುವುದು ಉಪ್ಪು, ಅಳೆಯುವುದು ಎತ್ತರ. ಕೈಯಲ್ಲಿ ಕಲಸಿದರೆ ಜಾಸ್ತಿ ಉಬ್ಬುತ್ತಾ, ಮೆಂತ್ಯ ಹಾಕಿದರೆ ಏನಾಗುತ್ತೆ ಅನ್ನುವುದೂ ಒಳ್ಳೆಯ ಪ್ರಶ್ನೆಗಳೇ. ಆದರೆ ಅವು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಕಾಯಲಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳುವುದು ಹೇಗೆ?

ಊಹೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದು ಸಾಲು, ಜೊತೆಗೆ ಒಂದು ಕಾರಣ ಇದ್ದರೆ ಸಾಕು. ‘ಉಪ್ಪು ಹೆಚ್ಚಾದರೆ ಹಿಟ್ಟು ಕಡಿಮೆ ಏರುತ್ತೆ, ಯಾಕಂದ್ರೆ ಉಪ್ಪು ಬ್ಯಾಕ್ಟೀರಿಯಾಗಳ ಒಳಗಿನ ನೀರನ್ನು ಎಳೆದುಕೊಳ್ಳುತ್ತೆ.’ ಉಪ್ಪಿನಕಾಯಿ ಬೇಗ ಕೆಡದಿರುವುದಕ್ಕೂ ಇದೊಂದು ಕಾರಣ. ಪ್ರಯೋಗಕ್ಕೆ ಮುಂಚೆ ಪೆನ್ನಿನಲ್ಲಿ ಬರೆಯಲಿ. ಆಮೇಲೆ ತಪ್ಪಾದರೂ ಹಾಗೇ ಇರಲಿ, ಅದಕ್ಕೆ ಮಾರ್ಕ್ಸ್ ಕಡಿಯುವ ಟೀಚರ್ ಇದ್ದರೆ ತಪ್ಪು ಟೀಚರದ್ದು.

ನಿಜವಾದ ಕೆಲಸ ಇರುವುದು ಅಳತೆಯಲ್ಲಿ. ‘ಹಿಟ್ಟು ಚೆನ್ನಾಗಿ ಉಬ್ಬಿತು’ ಅನ್ನುವುದು ಅಳತೆಯಲ್ಲ. ನೇರ ಗೋಡೆಯ ಗಾಜಿನ ಲೋಟಗಳು ಬೇಕು. ಬಾಯಿ ಅಗಲವಾಗಿ ಬುಡ ಕಿರಿದಾದ ಲೋಟದಲ್ಲಿ ಹಿಟ್ಟು ಏರಿದ ಹಾಗೆಲ್ಲ ಅಗಲಕ್ಕೂ ಹರಡಿಕೊಳ್ಳುತ್ತೆ, ಎತ್ತರ ಕಡಿಮೆ ತೋರಿಸುತ್ತೆ. ಸ್ಟೀಲ್ ಲೋಟವಂತೂ ಬೇಡ, ಒಳಗೇನು ನಡೀತಿದೆ ಅಂತ ಕಾಣುವುದೇ ಇಲ್ಲ. ಪ್ರತಿ ಲೋಟಕ್ಕೂ 3 ಸೆಂ.ಮೀ. ಎತ್ತರಕ್ಕೆ ಹಿಟ್ಟು ತುಂಬಿ, ಆ ಮಟ್ಟಕ್ಕೆ ಸರಿಯಾಗಿ ಹೊರಗೆ ರಬ್ಬರ್ ಬ್ಯಾಂಡ್ ಹಾಕಿ. ಹಿಟ್ಟು ಉಬ್ಬಿದಾಗ ನಡುವೆ ಗುಮ್ಮಟದಂತೆ ಏಳುತ್ತೆ, ಅಂಚಿನಲ್ಲಿ ತಗ್ಗಿರುತ್ತೆ. ಹಾಗಾಗಿ ಗಾಜಿಗೆ ತಾಗಿದ ಜಾಗದಲ್ಲಿ ಅಳೆಯುತ್ತೇವೆ ಅಂತ ಮೊದಲೇ ತೀರ್ಮಾನಿಸಿ, ಪ್ರತಿ ಸಲವೂ ಅಲ್ಲೇ ಅಳೆಯಿರಿ. 3 ಇದ್ದದ್ದು 5.4 ಆದರೆ 2.4 ಸೆಂ.ಮೀ. ಏರಿತು, ಅಂದರೆ 80 ಶೇಕಡಾ. ಇದು ಹುಳಿಯ ಅಳತೆ ಅಲ್ಲ ಅನ್ನುವುದೂ ನೆನಪಿರಲಿ. ಹಿಟ್ಟು ಉಬ್ಬುವುದು ಅನಿಲದಿಂದ, ಹುಳಿ ಬರುವುದು ಆಮ್ಲದಿಂದ.

ಈಗ ಉಪ್ಪು. ಹೆಚ್ಚಿನವರು ಎಡವುವುದು ಇಲ್ಲಿಯೇ. ಹಿಟ್ಟನ್ನು 300 ಗ್ರಾಂನ ನಾಲ್ಕು ಭಾಗ ಮಾಡಿಕೊಳ್ಳಿ: ಒಂದಕ್ಕೆ ಉಪ್ಪಿಲ್ಲ, ಉಳಿದ ಮೂರಕ್ಕೆ ಶೇಕಡಾ 1, 2, 3. 300 ಗ್ರಾಂ ಹಿಟ್ಟಿಗೆ ಶೇಕಡಾ 1 ಅಂದರೆ ಬರೀ 3 ಗ್ರಾಂ ಉಪ್ಪು. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸಿದರೂ ಲೆಕ್ಕ ಕೆಟ್ಟುಹೋಗುತ್ತೆ. ಉಪಾಯ ಇದೆ. 20 ಗ್ರಾಂ ಉಪ್ಪು ತೂಗಿ ನೀರಲ್ಲಿ ಕರಗಿಸಿ, ಒಟ್ಟು 100 ಮಿ.ಲೀ. ಆಗುವಷ್ಟು ನೀರು ಸೇರಿಸಿ. ಈಗ ಪ್ರತಿ 5 ಮಿ.ಲೀ. ನೀರಿನಲ್ಲೂ 1 ಗ್ರಾಂ ಉಪ್ಪಿದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜಿನಿಂದ 15, 30, 45 ಮಿ.ಲೀ. ಅಳೆದು ಹಾಕಿದರೆ 3, 6, 9 ಗ್ರಾಂ ಆಯಿತು.

ಅಷ್ಟಕ್ಕೇ ಮುಗಿಯಲಿಲ್ಲ. 45 ಮಿ.ಲೀ. ಬಿದ್ದ ಹಿಟ್ಟು 15 ಬಿದ್ದದ್ದಕ್ಕಿಂತ ತೆಳ್ಳಗಾಗುತ್ತೆ, ತೆಳು ಹಿಟ್ಟಿನಲ್ಲಿ ಅನಿಲ ಸುಲಭವಾಗಿ ತಪ್ಪಿಸಿಕೊಳ್ಳುತ್ತೆ. ಆಗ ಉಬ್ಬದಿರುವುದಕ್ಕೆ ಉಪ್ಪು ಕಾರಣವೋ ನೀರು ಕಾರಣವೋ? ಅದಕ್ಕೇ ಎಲ್ಲ ಭಾಗಕ್ಕೂ ಒಟ್ಟು 45 ಮಿ.ಲೀ. ದ್ರವ ಹೋಗಲಿ. 15 ಉಪ್ಪುನೀರು ಹಾಕಿದ್ದಕ್ಕೆ 30 ಸಾದಾ ನೀರು, 30 ಹಾಕಿದ್ದಕ್ಕೆ 15. ಉಪ್ಪೇ ಇಲ್ಲದ ಭಾಗಕ್ಕೆ 45 ಸಾದಾ ನೀರು. ಆ ಉಪ್ಪಿಲ್ಲದ ಭಾಗವನ್ನು ಬಿಟ್ಟುಬಿಡಬೇಡಿ, ಉಳಿದವನ್ನೆಲ್ಲ ಹೋಲಿಸಿ ನೋಡುವುದು ಅದರ ಜೊತೆಗೇ. ಅದನ್ನೂ ಬೇರೆಯವುಗಳಷ್ಟೇ ಹೊತ್ತು ಕಲಸಬೇಕು. ರುಬ್ಬುವಾಗ ಹಿಟ್ಟು ಮಾಮೂಲಿಗಿಂತ ಗಟ್ಟಿಯಾಗಿರಲಿ. ನಾಲ್ಕು ಭಾಗಕ್ಕೂ ಒಂದೇ ಸಲ ರುಬ್ಬಿದ ಹಿಟ್ಟೇ ಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಪ್ರತಿ ಭಾಗವನ್ನೂ ಮೂರು ಲೋಟಕ್ಕೆ ಹಂಚಿ, ಒಟ್ಟು ಹನ್ನೆರಡು ಲೋಟ. ಒಂದೊಂದೇ ಇಟ್ಟರೆ ಆ ಲೋಟ ಯಾಕೋ ಉಬ್ಬಲಿಲ್ಲ ಅಂದಾಗ ಅದು ಉಪ್ಪಿನ ಪ್ರಭಾವವೋ ಸುಮ್ನೆ ಆಕಸ್ಮಿಕವೋ ತಿಳಿಯುವುದಿಲ್ಲ. ಲೋಟಗಳನ್ನು ಸಾಲಾಗಿ ಜೋಡಿಸುವಾಗ ಒಂದೇ ಉಪ್ಪಿನವನ್ನು ಪಕ್ಕಪಕ್ಕ ಇಡಬೇಡಿ. ಒಂದು ತುದಿ ಒಲೆಗೆ ಹತ್ತಿರ, ಇನ್ನೊಂದು ಕಿಟಕಿಗೆ ಹತ್ತಿರ ಇದ್ದರೆ ಶಾಖವೇ ಫಲಿತಾಂಶವನ್ನು ಬದಲಾಯಿಸಿಬಿಡುತ್ತೆ. ಚೀಟಿ ಎತ್ತಿ ಜಾಗ ಹಂಚಿ. ಕೋಣೆಯ ಉಷ್ಣತೆಯನ್ನೂ ಬರೆದಿಡಿ. ಡಿಸೆಂಬರಿನ ಬೆಂಗಳೂರಿನಲ್ಲೂ ಮೇ ತಿಂಗಳ ರಾಯಚೂರಿನಲ್ಲೂ ಹಿಟ್ಟು ಒಂದೇ ವೇಗದಲ್ಲಿ ಏಳುವುದಿಲ್ಲ.

ವಿಧಾನ ಬರೆಯುವ ಮುಂಚೆ ಒಮ್ಮೆ ಸಣ್ಣದಾಗಿ ಮಾಡಿ ನೋಡಿ, ಎರಡೇ ಲೋಟದಲ್ಲಿ. ಹಿಟ್ಟು ಏರಿ, ತುದಿ ಮುಟ್ಟಿ, ಆಮೇಲೆ ಕುಸಿಯುತ್ತೆ. ಬೆಳಗ್ಗೆ ಎದ್ದು ಒಂದೇ ಸಲ ಅಳೆದರೆ ಕುಸಿದದ್ದನ್ನು ‘ಉಬ್ಬಲೇ ಇಲ್ಲ’ ಅಂತ ಬರೆದುಕೊಳ್ಳುವ ಅಪಾಯ ಇದೆ. ರಾತ್ರಿ ಮೂರು ಗಂಟೆಗೆ ಮಗುವನ್ನು ಎಬ್ಬಿಸುವುದು ಬೇಡ. ಶನಿವಾರ ರಾತ್ರಿ ನೆನೆಹಾಕಿ, ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ರುಬ್ಬಿ, ರಾತ್ರಿ ಏಳರವರೆಗೆ ಎರಡು ಗಂಟೆಗೊಮ್ಮೆ ಅಳೆಯಲಿ. ಪ್ರತಿ ಲೋಟ ಮುಟ್ಟಿದ ಅತಿ ಹೆಚ್ಚಿನ ಎತ್ತರವನ್ನು ಹೋಲಿಸಿದರಾಯಿತು. ರಾತ್ರಿ ಏಳಕ್ಕೂ ಏರುತ್ತಲೇ ಇದೆ ಅಂತ ಕಂಡರೆ 12 ಗಂಟೆ ಅನ್ನುವುದನ್ನೇ ಬದಲಾಯಿಸಿ. ಪ್ರಶ್ನೆಯನ್ನು ತಿದ್ದಿಕೊಳ್ಳಲು ಇದೇ ಸರಿಯಾದ ಹೊತ್ತು.

ಅಳತೆಗಳನ್ನು ಆಗಿಂದಾಗಲೇ ನೋಟ್‌ಬುಕ್ಕಿಗೆ ಬರೆಯಲಿ. ಚೀಟಿಯಲ್ಲಿ ಗೀಚಿ ಆಮೇಲೆ ಅಂದವಾಗಿ ನಕಲು ಮಾಡುವುದು ಬೇಡ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಂಥ ಕಡೆ ವರದಿಯ ಜೊತೆ ಈ ದಾಖಲೆ ಪುಸ್ತಕಕ್ಕೂ ಬೆಲೆ ಇದೆ. ಹಿಟ್ಟಿನ ಕಲೆ ಇದ್ದರೂ ಪರವಾಗಿಲ್ಲ.

ಕೊನೆಗೆ ವಿಧಾನ. ಇಷ್ಟೆಲ್ಲ ತೀರ್ಮಾನಿಸಿದ ಮೇಲೆ ಅದು ಹೆಚ್ಚುಕಮ್ಮಿ ತಾನಾಗೇ ಬರೆಸಿಕೊಳ್ಳುತ್ತೆ. ‘ಸ್ವಲ್ಪ ಉಪ್ಪು ಹಾಕಿ ಚೆನ್ನಾಗಿ ಕಲಸಿ’ ಅನ್ನುವ ಜಾಗದಲ್ಲಿ ‘15 ಮಿ.ಲೀ. ಉಪ್ಪುನೀರು, 30 ಮಿ.ಲೀ. ಸಾದಾ ನೀರು ಹಾಕಿ, ಚಮಚದಿಂದ ಒಂದು ನಿಮಿಷ ಕಲಸಿ’ ಅಂತಿರಬೇಕು. ಬರೆದದ್ದನ್ನು ಮನೆಯಲ್ಲಿ ಈ ಪ್ರಯೋಗದ ಗಂಧಗಾಳಿ ಇಲ್ಲದ ಯಾರಿಗಾದರೂ, ಚಿಕ್ಕಪ್ಪನೋ ಪಕ್ಕದ ಮನೆ ಆಂಟಿಯೋ, ಓದೋಕೆ ಕೊಡಿ. ಮಗಳು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿರಲಿ. ‘ಲೋಟದ ಬಾಯಿ ಮುಚ್ಚಬೇಕಾ?’ ಅಂತ ಅವರು ಕೇಳಿದರೆ ಉತ್ತರ ಹೇಳಬಾರದು. ಆ ಸಾಲು ವಿಧಾನದಲ್ಲಿ ಇಲ್ಲ ಅಂತ ಅರ್ಥ, ಸೇರಿಸಲಿ.