ತರಬೇತಿ ಮುಗಿಯಿತು, ಸಬ್ಸಿಡಿ ಹಣ ಯಾವಾಗ ಕೈಗೆ ಬರುತ್ತದೆ?

ಪ್ರಶ್ನೆ: ನಮ್ಮ ಜಿಲ್ಲೆಯ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ತರಬೇತಿ ಮುಗಿಸಿದ್ದೇನೆ, ಪ್ರಮಾಣಪತ್ರವೂ ಬಂದಿದೆ. ರೊಟ್ಟಿ ಮಾಡುವ ಯಂತ್ರ ಹಾಕಬೇಕೆಂದಿದ್ದೇನೆ. ಸಬ್ಸಿಡಿ ಹಣ ಯಾವಾಗ ನನ್ನ ಖಾತೆಗೆ ಬರುತ್ತದೆ? ಬ್ಯಾಂಕಿನವರು ಸಾಲ ಕೊಡದಿದ್ದರೆ ಯಾರಿಗೆ ಹೇಳಬೇಕು?

ಉತ್ತರ: ಈ ಪ್ರಶ್ನೆ ಕೇಳದೆ ಮುಗಿದ ಬ್ಯಾಚ್ ಒಂದೂ ನನಗೆ ನೆನಪಿಲ್ಲ. ಕೊನೆಯ ದಿನ ಎಲ್ಲರೂ ಸೇರಿ ಫೋಟೊ ತೆಗೆಸಿಕೊಂಡು ಬಸ್ಸಿಗೆ ಹೊರಡುವ ಹೊತ್ತಿಗೆ ಯಾರಾದರೊಬ್ಬರು ಬಾಗಿಲ ಬಳಿ ನಿಂತು, ಸ್ವಲ್ಪ ಸಂಕೋಚದಿಂದ, ಇದನ್ನೇ ಕೇಳುತ್ತಾರೆ. ಹಣಕಾಸಿನ ಪಾಠದಲ್ಲಿ ಇದನ್ನು ಕನಿಷ್ಠ ಎರಡು ಸಲ ಹೇಳಿರುತ್ತೇವೆ. ಆದರೂ ಊರಿನಲ್ಲಿ ಕೇಳಿ ಬಂದ ಮಾತು ತರಗತಿಯಲ್ಲಿ ಕೇಳಿದ ಮಾತಿಗಿಂತ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಹಾಗಾಗಿ ಮತ್ತೊಮ್ಮೆ ಬರೆಯುತ್ತೇನೆ: ಸಬ್ಸಿಡಿ ಹಣ ನಗದಾಗಿ ನಿಮ್ಮ ಕೈಗೆ ಬರುವುದಿಲ್ಲ, ಮತ್ತು ತರಬೇತಿಯ ಪ್ರಮಾಣಪತ್ರವನ್ನು ಸಾಲದ ಮಂಜೂರಾತಿ ಪತ್ರವೆಂದು ತಿಳಿಯಬಾರದು.

ಮೊದಲು ಪ್ರಮಾಣಪತ್ರದ ವಿಷಯ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಜೊತೆಗೆ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದಾಗ ಉದ್ದೇಶ ಸ್ಪಷ್ಟವಾಗಿತ್ತು: ನೌಕರಿಗಾಗಿ ಕಾಯುತ್ತ ಕುಳಿತ ಯುವಕ ಯುವತಿಯರಿಗೆ ಊಟ ವಸತಿಯೊಂದಿಗೆ ಉಚಿತವಾಗಿ ಒಂದು ಕಸುಬನ್ನೂ ಅದನ್ನು ನಡೆಸುವ ಲೆಕ್ಕವನ್ನೂ ಕಲಿಸುವುದು, ಆಮೇಲೆ ಅವರ ಬೆನ್ನ ಹಿಂದೆ ನಿಲ್ಲುವುದು. ಕೇಂದ್ರ ಸರ್ಕಾರ ಇದೇ ಮಾದರಿಯನ್ನು ದೇಶದ ಜಿಲ್ಲೆಗಳಿಗೆ ಒಯ್ದು ಆರ್‌ಸೆಟಿ ಎಂದು ಹೆಸರಿಟ್ಟಿತು. ನಮ್ಮ ನೆಲದಲ್ಲಿ ಹುಟ್ಟಿದ ಮಾದರಿ ಎಂಬ ಹೆಮ್ಮೆ ನನಗಿದೆ. ತರಬೇತಿಯ ನಂತರವೂ ಎರಡು ವರ್ಷ ನಿಮ್ಮನ್ನು ವಿಚಾರಿಸಿಕೊಳ್ಳುವ ವ್ಯವಸ್ಥೆ ಅಲ್ಲಿದೆ, ಅದನ್ನು ಬಳಸಿಕೊಳ್ಳಿ. ಬ್ಯಾಂಕು ಮಾತ್ರ ಪ್ರಮಾಣಪತ್ರದ ಜೊತೆಗೆ ನಿಮ್ಮ ಹಳೆಯ ಸಾಲಗಳ ಚರಿತ್ರೆ, ಯಂತ್ರದ ಕೊಟೇಷನ್, ಮಾರಾಟದ ಅಂದಾಜು ಇವೆಲ್ಲವನ್ನೂ ನೋಡಿಯೇ ತೀರ್ಮಾನಿಸುತ್ತದೆ.

ಈಗ ಸಬ್ಸಿಡಿ. ಹೆಚ್ಚಿನವರು ಕೇಳುವುದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ ಬಗ್ಗೆ. 2022ರಲ್ಲಿ ಪರಿಷ್ಕೃತವಾದ ಅದರ ನಿಯಮಗಳನ್ನೇ ಇಟ್ಟುಕೊಂಡು ನಿಮ್ಮ ರೊಟ್ಟಿ ಘಟಕದ ಲೆಕ್ಕ ಹಾಕೋಣ. ಯಂತ್ರ, ಹಿಟ್ಟಿನ ಗಿರಣಿ, ಮೊದಲ ತಿಂಗಳುಗಳ ಜೋಳ ಸೇರಿ ಯೋಜನೆಯ ವೆಚ್ಚ 3 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಗ್ರಾಮೀಣ ಪ್ರದೇಶದ ಮಹಿಳೆಗೆ ಸಬ್ಸಿಡಿ ಶೇಕಡ 35, ಅಂದರೆ 1,05,000. ನಿಮ್ಮ ಸ್ವಂತ ಪಾಲು ಶೇಕಡ 5, ಅಂದರೆ 15,000. ಉಳಿದ 2,85,000 ರೂಪಾಯಿಯನ್ನು ಬ್ಯಾಂಕು ಸಾಲವಾಗಿ ಕೊಡುತ್ತದೆ. ಸಬ್ಸಿಡಿಯ ಮೊತ್ತವೂ ಮೊದಲು ಸಾಲದ ರೂಪದಲ್ಲೇ ಬರುತ್ತದೆ ಎಂಬುದನ್ನು ಗಮನಿಸಿ. ಬ್ಯಾಂಕು ಮಂಜೂರು ಮಾಡಿ ಮೊದಲ ಕಂತು ಬಿಡುಗಡೆ ಮಾಡಿದ ಮೇಲೆ ಈ ಯೋಜನೆ ನಡೆಸುವ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದಿಂದ 1,05,000 ರೂಪಾಯಿ ತರಿಸಿ ನಿಮ್ಮ ಹೆಸರಿನಲ್ಲಿ ಮೂರು ವರ್ಷದ ಠೇವಣಿಯಾಗಿ ಇಟ್ಟುಕೊಳ್ಳುತ್ತದೆ. ಆ ಠೇವಣಿಗೆ ಬಡ್ಡಿ ಬರುವುದಿಲ್ಲ, ಸಾಲದ ಅಷ್ಟು ಭಾಗಕ್ಕೆ ಬಡ್ಡಿ ಹಾಕುವುದೂ ಇಲ್ಲ. ಮೂರು ವರ್ಷದ ಬಳಿಕ, ಸ್ಥಳಕ್ಕೆ ಬಂದು ನೋಡಿದಾಗ ಘಟಕ ನಡೆಯುತ್ತಿದ್ದರೆ, ಠೇವಣಿಯನ್ನು ಸಾಲಕ್ಕೆ ಜಮಾ ಮಾಡಿಕೊಳ್ಳುತ್ತಾರೆ. ನಡುವೆ ಯಂತ್ರ ಮಾರಿ ಬಾಗಿಲು ಹಾಕಿದರೆ ಆ ಹಣ ಆಯೋಗಕ್ಕೆ ಹಿಂತಿರುಗಬಹುದು, ಸಾಲ ನಿಮ್ಮ ತಲೆಯ ಮೇಲೆ ಉಳಿಯುತ್ತದೆ. ಈ ಮೂರು ವರ್ಷದಲ್ಲಿ ಒಂದು ರೂಪಾಯಿಯೂ ನಗದಾಗಿ ನಿಮ್ಮ ಕೈ ಮುಟ್ಟುವುದಿಲ್ಲ.

ಇದನ್ನು ಹೇಳಿದಾಗ ತರಗತಿಯಲ್ಲಿ ಮುಖಗಳು ಬಾಡುವುದನ್ನು ಕಂಡಿದ್ದೇನೆ. “ನಮ್ಮೂರಿನ ಒಬ್ಬರಿಗೆ ಎರಡು ಲಕ್ಷ ಬಂದಿದೆಯಲ್ಲ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಂದಿರಬಹುದು, ಅವರ ಸಾಲದ ಖಾತೆಯಲ್ಲಿ ಎರಡು ಲಕ್ಷ ಕಡಿಮೆಯಾಗಿದೆ. ಊರಿನವರ ಬಾಯಲ್ಲಿ ಅದು “ಎರಡು ಲಕ್ಷ ಬಂತು” ಎಂದಾಗಿದೆ, ಅಷ್ಟೇ.

ಈ ತಪ್ಪು ತಿಳಿವಳಿಕೆಯಿಂದ ಎರಡು ಅನಾಹುತಗಳಾಗುತ್ತವೆ. ಒಂದು, ಮಧ್ಯವರ್ತಿಗಳು. ಅರ್ಜಿಗೂ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್‌ಗೂ ಶುಲ್ಕವೇ ಇಲ್ಲದಿರುವಾಗ, ಸಬ್ಸಿಡಿ ಕೊಡಿಸುತ್ತೇವೆ ಎಂದು ಮುಂಗಡ ಕೇಳುವವರ ಮಾತು ನಂಬಿ ಕಿವಿಯೋಲೆ ಒತ್ತೆ ಇಟ್ಟವರನ್ನು ನೋಡಿದ್ದೇನೆ. ಎರಡನೆಯದು ಇದಕ್ಕಿಂತ ದೊಡ್ಡದು. ಸಬ್ಸಿಡಿ ಹೆಚ್ಚು ಬರಲೆಂದು 3 ಲಕ್ಷದ ಘಟಕಕ್ಕೆ 5 ಲಕ್ಷದ ಕೊಟೇಷನ್ ಮಾಡಿಸುತ್ತಾರೆ. ಆಗ ಸಬ್ಸಿಡಿ 1,75,000 ಆಗುತ್ತದೆ, ನಿಜ. ಆದರೆ ಬ್ಯಾಂಕ್ ಸಾಲ 4,75,000ಕ್ಕೆ ಏರುತ್ತದೆ. ಸಬ್ಸಿಡಿ ಕಳೆದರೂ ತೀರಿಸಬೇಕಾದ ಅಸಲು 1,80,000ದ ಬದಲು 3 ಲಕ್ಷ. ಎಪ್ಪತ್ತು ಸಾವಿರದ ಆಸೆಗೆ ಒಂದು ಲಕ್ಷದ ಇಪ್ಪತ್ತು ಸಾವಿರ ಹೊರೆ ಹೊತ್ತಂತಾಯಿತು, ಅದರ ಬಡ್ಡಿ ಬೇರೆ. ಇಷ್ಟು ಸರಳ ವ್ಯವಕಲನವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ ಮೇಲೂ ಕೆಲವರು ದೊಡ್ಡ ಕೊಟೇಷನ್ ಹಿಡಿದು ಬರುತ್ತಾರೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮುದ್ರಾ ಸಾಲದಲ್ಲೂ ಸಬ್ಸಿಡಿ ಇದೆ ಎನ್ನುವವರಿದ್ದಾರೆ. ಇಲ್ಲ. 2015ರಲ್ಲಿ ಆರಂಭವಾದ ಆ ಯೋಜನೆಯ ಅನುಕೂಲವೆಂದರೆ ಅಡಮಾನವಿಲ್ಲದೆ ಸಾಲ ಸಿಗುವುದು. 50,000 ರೂಪಾಯಿಯವರೆಗಿನ ಶಿಶು ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ ಮುಂದಿನ ಸಾಲದ ದಾರಿ ಸುಲಭವಾಗುತ್ತದೆ.

ಬ್ಯಾಂಕು ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಅದನ್ನು ಕೇಳುವುದು ನಿಮ್ಮ ಹಕ್ಕು. ಕಾರಣ ಸರಿಯಿಲ್ಲವೆನಿಸಿದರೆ ಜಿಲ್ಲೆಯ ಎಲ್ಲ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರ ಕಚೇರಿಗೆ ಹೋಗಿ.

ಸಾಲ ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ತರಬೇತಿಯ ಮೊದಲ ದಿನಗಳಲ್ಲಿ ಆಡಿಸುವ ರಿಂಗ್ ಎಸೆಯುವ ಆಟ ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಸಾಧನೆಯ ಹಂಬಲವನ್ನು ಅಧ್ಯಯನ ಮಾಡಲು ಬಳಸಿದ ಆಟವದು. 1960ರ ದಶಕದಲ್ಲಿ ಅವರ ತಂಡ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ನೀಡಿದ ತರಬೇತಿ ನಮ್ಮ ದೇಶದ ಇಂಥ ಎಲ್ಲ ತರಬೇತಿಗಳಿಗೂ ಹಿರಿಯಣ್ಣನಿದ್ದಂತೆ. ಗೂಟದಿಂದ ಎಷ್ಟು ದೂರ ನಿಲ್ಲಬೇಕೆಂಬುದು ಆಡುವವರ ಆಯ್ಕೆ. ಕೆಲವರು ಗೂಟಕ್ಕೆ ತಾಗಿಯೇ ನಿಲ್ಲುತ್ತಾರೆ, ಕೆಲವರು ಗೋಡೆಯ ಬಳಿಯಿಂದ ಎಸೆಯುತ್ತಾರೆ. ಮೊದಲ ಸುತ್ತಿನಲ್ಲಿ ಸೋತು, ಎರಡನೆಯ ಸುತ್ತಿನಲ್ಲಿ ಒಂದು ಹೆಜ್ಜೆ ಮುಂದೆ ಬರುವವರ ಮೇಲೆ ನನ್ನ ಕಣ್ಣಿರುತ್ತದೆ. ಅವರ ಯೋಜನಾ ವರದಿಯೂ ಸಾಮಾನ್ಯವಾಗಿ ಹಾಗೆಯೇ, ತಮ್ಮ ಅಳವಿಗೆ ತಕ್ಕಷ್ಟೇ ಸಾಲ ಕೇಳುವಂತೆ ಇರುತ್ತದೆ.

ನೀವು ಕೇಳದ ಒಂದು ಪ್ರಶ್ನೆಗೂ, ಅಂದರೆ ರೊಟ್ಟಿಗೆ ಬೆಲೆ ಎಷ್ಟಿಡಬೇಕು ಎಂಬುದಕ್ಕೂ, ಉತ್ತರ ಹೇಳಲೇಬೇಕು, ಏಕೆಂದರೆ ರೊಟ್ಟಿ ಎಂದೊಡನೆ ನನಗೆ ಒಬ್ಬ ಅಕ್ಕನವರ ನೆನಪಾಗುತ್ತದೆ. ನಾದಿನಿಯೊಂದಿಗೆ ದಿನಕ್ಕೆ 200 ರೊಟ್ಟಿ ಬಡಿದು ಖಾನಾವಳಿಗಳಿಗೆ ಒಂದಕ್ಕೆ 6 ರೂಪಾಯಿಯಂತೆ ಕೊಡುತ್ತಿದ್ದರು. ವೆಚ್ಚ ಬರೆಯಿರಿ ಎಂದಾಗ ಹಿಟ್ಟಿಗೆ 500, ಒಲೆಗೆ 150, ಚೀಲ ಮತ್ತು ಆಟೋಗೆ 100 ಎಂದು ಬರೆದು, 1,200 ರೂಪಾಯಿ ವ್ಯಾಪಾರದಲ್ಲಿ 450 ಲಾಭ ಎಂದು ತೋರಿಸಿದರು. ನಿಮ್ಮಿಬ್ಬರ ಕೂಲಿ ಎಲ್ಲಿ ಎಂದು ಕೇಳಿದೆ. “ಮನೀ ಕೆಲಸಕ್ಕ ಕೂಲಿ ಯಾರು ಹಿಡೀತಾರ್ರಿ ಸರ?” ಎಂದರು. ಹೊಲಕ್ಕೆ ಹೋದರೆ ಒಬ್ಬೊಬ್ಬರಿಗೆ 350 ಸಿಗುತ್ತದೆಂದು ಅವರೇ ಹೇಳಿದ್ದರು. ಅದನ್ನು ಸೇರಿಸಿದರೆ ಒಂದು ರೊಟ್ಟಿಗೆ ಬೀಳುವುದು 7 ರೂಪಾಯಿ 25 ಪೈಸೆ. ಅಂದರೆ ದಿನಕ್ಕೆ 250 ರೂಪಾಯಿಯನ್ನು ಅವರು ಖಾನಾವಳಿಗಳಿಗೆ ಬಿಟ್ಟುಕೊಡುತ್ತಿದ್ದರು. ನಿಮ್ಮ ಯಂತ್ರಕ್ಕೂ ಇದೇ ಲೆಕ್ಕ ಹಾಕಿ: 1,80,000 ಅಸಲನ್ನು ಐದು ವರ್ಷದಲ್ಲಿ ತೀರಿಸುವುದಾದರೆ, ಬಡ್ಡಿ ಶೇಕಡ 11 ಎಂದು ಹಿಡಿದರೂ, ಮೊದಲ ತಿಂಗಳು 3,000 ಅಸಲು ಮತ್ತು 1,650 ಬಡ್ಡಿ ಕಟ್ಟಬೇಕು. ದಿನಕ್ಕೆ 400ರಂತೆ ತಿಂಗಳಿಗೆ 26 ದಿನ ರೊಟ್ಟಿ ಮಾಡಿದರೆ ಪ್ರತಿ ರೊಟ್ಟಿಯ ಮೇಲೆ ಸುಮಾರು 45 ಪೈಸೆ ಬ್ಯಾಂಕಿನ ಪಾಲು.

ಆ ಅಕ್ಕನವರು ಊರಿಗೆ ಹೋದವರೇ ಒಂದು ಕಿರ್ದಿ ಪುಸ್ತಕ ತಂದು, ಮೊದಲ ಸಾಲಿನಲ್ಲಿ ತಮ್ಮ ಮತ್ತು ನಾದಿನಿಯ ಕೂಲಿಯನ್ನು ಬರೆದು, ರೊಟ್ಟಿಗೆ 8 ರೂಪಾಯಿ ಎಂದು ಹೇಳಿಕಳಿಸಿದರು. ಮೂರು ಖಾನಾವಳಿಗಳಲ್ಲಿ ಒಂದು ಬಿಟ್ಟುಹೋಯಿತು, ಎರಡು ಒಪ್ಪಿಕೊಂಡವು.