ರೆಂಟಲ್ ಏಸ್: ಎರಡು ತಿಂಗಳಿಗೆ ಎಷ್ಟು ವರ್ಷ ಕೊಡಬೇಕು?

ಜುಲೈ ಕೊನೆ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಸುದ್ದಿಗಳಲ್ಲಿ ‘ರೆಂಟಲ್’ ಎಂಬ ಪದ ಪದೇ ಪದೇ ಕಿವಿಗೆ ಬೀಳುತ್ತದೆ. ಆ ಸೀಸನ್ ಮುಗಿದ ಕೂಡಲೇ ಕರಾರು ಮುಗಿದು, ಯಾವ ತಂಡಕ್ಕೆ ಬೇಕಾದರೂ ಹೋಗಬಹುದಾದ ಆಟಗಾರನನ್ನು ಹೀಗೆ ಕರೆಯುತ್ತಾರೆ. ಅವನನ್ನು ತಂದ ತಂಡಕ್ಕೆ ಅವನು ಸಿಗುವುದು ಆಗಸ್ಟ್, ಸೆಪ್ಟೆಂಬರ್, ಅದೃಷ್ಟ ಇದ್ದರೆ ಅಕ್ಟೋಬರ್. ಅಷ್ಟೇ. ಬಾಡಿಗೆ ಮನೆಗೆ ಕೊಟ್ಟ ಅಡ್ವಾನ್ಸ್ ಮನೆ ಬಿಡುವಾಗ ವಾಪಸ್ ಬರುತ್ತದೆ. ಇಲ್ಲಿ ಕೊಟ್ಟದ್ದು ಬರುವುದಿಲ್ಲ.

ಇನ್ನು ‘ಏಸ್’. ಇಸ್ಪೀಟಿನ ಎಕ್ಕಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರು ಅದು. ತಂಡದ ಅತಿ ಒಳ್ಳೆಯ ಸ್ಟಾರ್ಟಿಂಗ್ ಪಿಚರ್‌ಗೂ, ಅಂದರೆ ಪಂದ್ಯದ ಶುರುವಿನಿಂದ ಚೆಂಡು ಎಸೆಯುವವನಿಗೂ, ಅದೇ ಹೆಸರು. ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ವಿಷಯ ಹೇಳಲೇಬೇಕು. ಬೇಸ್‌ಬಾಲಿನ ಸ್ಟಾರ್ಟರ್ ಒಂದು ಪಂದ್ಯದಲ್ಲಿ ನೂರರ ಆಸುಪಾಸು ಚೆಂಡು ಎಸೆಯುತ್ತಾನೆ. ಆಮೇಲೆ ಸಾಮಾನ್ಯವಾಗಿ ನಾಲ್ಕು ದಿನ ಅವನ ತೋಳಿಗೆ ವಿಶ್ರಾಂತಿ. ಹಾಗಾಗಿ 162 ಪಂದ್ಯಗಳ ಸೀಸನ್‌ನಲ್ಲಿ ಜುಲೈ ಕೊನೆಗೆ ಬಂದವನು ಆಡುವುದು ಸುಮಾರು 11 ಪಂದ್ಯ. ಇದು ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಪ್ಲೇಆಫ್‌ನಲ್ಲಿ ಲೆಕ್ಕ ಬದಲಾಗುತ್ತದೆ. ಐದು ಅಥವಾ ಏಳು ಪಂದ್ಯಗಳ ಸರಣಿಯಲ್ಲಿ ಒಬ್ಬ ಏಸ್ ಎರಡು ಸಲ ಚೆಂಡು ಎಸೆಯಲು ಇಳಿಯಬಹುದು. ಒಬ್ಬನ ಕೈಯಲ್ಲಿ ಸರಣಿಯೇ ತಿರುಗಬಹುದು. ಆಸೆ ಹುಟ್ಟುವುದು ಅಲ್ಲೇ.

ಇಂಥ ವಿನಿಮಯಕ್ಕೆ ಕೊನೆ ದಿನವೇ ಟ್ರೇಡ್ ಡೆಡ್‌ಲೈನ್. ಅದು ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ದಿನಗಳಲ್ಲಿ ಬರುತ್ತದೆ. ಹಿಂದೆ ಆ ದಿನ ದಾಟಿದ ಮೇಲೂ ಆಗಸ್ಟ್‌ನಲ್ಲಿ ಕೆಲವು ವಿನಿಮಯಗಳಿಗೆ ಇನ್ನೊಂದು ದಾರಿ ಇತ್ತು. 2019ರಲ್ಲಿ ಅದನ್ನು ಮುಚ್ಚಿದರು. ಡೆಡ್‌ಲೈನ್ ಹೊತ್ತಿಗೆ ಗೆಲ್ಲುವ ಆಸೆ ಇರುವ ತಂಡ ಏಸ್ ಬೇಕೆನ್ನುತ್ತದೆ. ಆಸೆ ಬಿಟ್ಟ ತಂಡ ಹೇಗೂ ಬಿಟ್ಟುಹೋಗುವ ಏಸ್‌ಗೆ ಬದಲಾಗಿ ಎಳೆಯ ಆಟಗಾರರನ್ನು ಕೇಳುತ್ತದೆ. ಕೆಳ ಹಂತದ ಮೈನರ್ ಲೀಗ್‌ನಲ್ಲಿ ಪಳಗುತ್ತಿರುವ ಈ ಹುಡುಗರೇ ‘ಪ್ರಾಸ್ಪೆಕ್ಟ್’ಗಳು.

ಒಬ್ಬ ಪ್ರಾಸ್ಪೆಕ್ಟ್‌ನ ಬೆಲೆ ತಿಳಿಯಬೇಕಾದರೆ ಒಂದು ನಿಯಮ ಗೊತ್ತಿರಬೇಕು. ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸೇವೆ ತುಂಬುವವರೆಗೆ ಆಟಗಾರ ತಾನಾಗಿ ತಂಡ ಬಿಟ್ಟುಹೋಗುವಂತಿಲ್ಲ. ಅದರಲ್ಲೂ ಮೊದಲ ಮೂರು ವರ್ಷ ಸಂಬಳ ಕನಿಷ್ಠ ಮಟ್ಟದ ಹತ್ತಿರವೇ ಇರುತ್ತದೆ. 2024ರಲ್ಲಿ ಆ ಕನಿಷ್ಠ 7 ಲಕ್ಷ 40 ಸಾವಿರ ಡಾಲರ್. ಹೆಸರಾಂತ ಏಸ್‌ಗಳು ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಪಡೆಯುವ ಲೋಕ ಅದು. ಅಂದರೆ ಒಂದು ತಟ್ಟೆಯಲ್ಲಿ ಗೊತ್ತಿರುವ ಎರಡು ತಿಂಗಳು. ಇನ್ನೊಂದರಲ್ಲಿ ಕಡಿಮೆ ಖರ್ಚಿನ, ಆದರೆ ಹೇಗಿರುತ್ತದೋ ಗೊತ್ತಿಲ್ಲದ ಆರು ವರ್ಷ.

ಆ ಹುಡುಗ ಪಿಚರ್ ಆಗಿದ್ದರೆ ತಕ್ಕಡಿ ಇನ್ನಷ್ಟು ಅಲುಗಾಡುತ್ತದೆ. ಪಿಚಿಂಗ್ ಪ್ರಾಸ್ಪೆಕ್ಟ್ ಎಂಬುದೇ ಇಲ್ಲ ಎಂಬ ಮಾತು ಬೇಸ್‌ಬಾಲ್ ಬಲ್ಲವರ ನಡುವೆ ಬಹಳ ಕಾಲದಿಂದ ಓಡಾಡುತ್ತಿದೆ. ಅದು ಸುಮ್ನೆ ಹುಟ್ಟಿದ ಮಾತಲ್ಲ. ಅತಿ ವೇಗವಾಗಿ ಚೆಂಡು ಎಸೆಯುವಾಗ ಮೊಣಕೈಯ ಒಳಬದಿಯ ಪುಟ್ಟ ಅಸ್ಥಿರಜ್ಜು ತನ್ನ ಮಿತಿಯವರೆಗೂ ಎಳೆದುಕೊಳ್ಳುತ್ತದೆ. ಅದು ಹರಿದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಮತ್ತೆ ಮೈದಾನಕ್ಕೆ ಇಳಿಯಲು ವರ್ಷಕ್ಕೂ ಜಾಸ್ತಿ ಬೇಕು. ಕೆಲವರಿಗೆ ಭುಜವೇ ಕೈಕೊಡುತ್ತದೆ. ಇಪ್ಪತ್ತರ ಹುಡುಗನ ತೋಳು ಇಪ್ಪತ್ತೈದಕ್ಕೆ ಹೇಗಿರುತ್ತದೆ ಎಂದು ಯಾವ ತಜ್ಞನೂ ಬರೆದುಕೊಡಲಾರ.

ಈ ವಿಷಯದಲ್ಲಿ ಎಲ್ಲರೂ ಎತ್ತುವ ಉದಾಹರಣೆ 1987ರ ಡೆಟ್ರಾಯಿಟ್. ಆ ಆಗಸ್ಟ್‌ನಲ್ಲಿ ಟೈಗರ್ಸ್ ತಂಡ ಅಟ್ಲಾಂಟಾದಿಂದ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದಿತು. ಬದಲಿಗೆ ಕೊಟ್ಟದ್ದು 20 ವರ್ಷದ ಜಾನ್ ಸ್ಮೋಲ್ಟ್ಸ್‌ನನ್ನು. ಸ್ಮೋಲ್ಟ್ಸ್ ಮಿಷಿಗನ್‌ನವನೇ, ಟೈಗರ್ಸ್ ನೋಡುತ್ತಲೇ ಬೆಳೆದವನು. ಆ ವರ್ಷ ಮೈನರ್ ಲೀಗ್‌ನ ಡಬಲ್‌-ಎ ಹಂತದಲ್ಲಿ ಅವನು ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. (ಬೇಸ್‌ಬಾಲಿನಲ್ಲಿ ಗೆಲುವು, ಸೋಲನ್ನು ಒಬ್ಬ ಪಿಚರ್‌ನ ಹೆಸರಿಗೂ ಬರೆಯುತ್ತಾರೆ. ಅವನು ಆಡಿದ ಕೆಲವು ಪಂದ್ಯ ಎರಡೂ ಲೆಕ್ಕಕ್ಕೆ ಸೇರದೆ ಉಳಿಯುತ್ತವೆ.) ಅಲೆಕ್ಸಾಂಡರ್ ಬಂದವನೇ 11 ಪಂದ್ಯಗಳಲ್ಲಿ 9 ಗೆದ್ದ, ಒಂದನ್ನೂ ಸೋಲಲಿಲ್ಲ. ಅವನ ಇಆರ್‌ಎ 1.53. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಸರಾಸರಿ ಎಷ್ಟು ರನ್ ಬಿಟ್ಟುಕೊಟ್ಟ ಎಂಬ ಲೆಕ್ಕ ಅದು. ಎರಡಕ್ಕಿಂತ ಕೆಳಗೆ ಇಳಿದರೆ ಅದ್ಭುತ. ಕೊನೆಯ ವಾರಾಂತ್ಯದಲ್ಲಿ ಟೈಗರ್ಸ್ ಟೊರಾಂಟೊವನ್ನು ಮೂರಕ್ಕೆ ಮೂರೂ ಪಂದ್ಯಗಳಲ್ಲಿ ಸೋಲಿಸಿ ಡಿವಿಷನ್, ಅಂದರೆ ಲೀಗ್‌ನೊಳಗಿನ ತನ್ನ ಗುಂಪನ್ನು, ಗೆದ್ದಿತು. ಆ ಮೂರರಲ್ಲಿ ಮೊದಲನೆಯದನ್ನು ಗೆಲ್ಲಿಸಿದವನು ಅಲೆಕ್ಸಾಂಡರ್. ಆಮೇಲೆ ಪ್ಲೇಆಫ್‌ನಲ್ಲಿ ಮಿನೆಸೋಟ ಎದುರು ಆಡಿದ ಎರಡೂ ಪಂದ್ಯ ಸೋತ. ತಂಡ ಅಲ್ಲಿಗೇ ನಿಂತಿತು.

ಸ್ಮೋಲ್ಟ್ಸ್ ಅಟ್ಲಾಂಟಾದಲ್ಲಿ ಬೆಳೆದ. ವೃತ್ತಿಜೀವನದಲ್ಲಿ 213 ಗೆಲುವು, 154 ಸೇವ್ (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಕಾಯ್ದದ್ದು), 1996ರಲ್ಲಿ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, 2015ರಲ್ಲಿ ಆಟದ ಮಹಾನ್ ಆಟಗಾರರ ಸಾಲಾದ ಹಾಲ್ ಆಫ್ ಫೇಮ್. ಆದ್ದರಿಂದಲೇ ಡೆಟ್ರಾಯಿಟ್‌ನ ಈ ವಿನಿಮಯವನ್ನು ದೊಡ್ಡ ತಪ್ಪು ಎಂದು ಹೇಳುವುದು ವಾಡಿಕೆ. ನಾನು ಒಪ್ಪುವುದಿಲ್ಲ. ಅಲೆಕ್ಸಾಂಡರ್ ಇಲ್ಲದಿದ್ದರೆ ಆ ಡಿವಿಷನ್ ಇಲ್ಲ. ಟೈಗರ್ಸ್ ಮತ್ತೆ ಪ್ಲೇಆಫ್ ಕಂಡದ್ದು 2006ರಲ್ಲಿ. ಆ ಊರಿನವರಿಗೆ 19 ವರ್ಷ ನೆನಪಿಸಿಕೊಳ್ಳಲು ಉಳಿದದ್ದು ಅದೇ ಸೆಪ್ಟೆಂಬರ್. ಆವತ್ತು ಗೊತ್ತಿದ್ದದ್ದನ್ನು ಇಟ್ಟುಕೊಂಡು ತೂಗಬೇಕೇ ಹೊರತು ಸ್ಮೋಲ್ಟ್ಸ್ ಮುಂದೆ ಏನಾದ ಎಂಬುದರಿಂದ ಅಲ್ಲ. ಅಂದಹಾಗೆ, ಅಲೆಕ್ಸಾಂಡರ್ ಪೂರ್ತಿ ರೆಂಟಲ್ ಕೂಡ ಆಗಿರಲಿಲ್ಲ. ಇನ್ನೂ ಎರಡು ಸೀಸನ್ ಅಲ್ಲೇ ಆಡಿದ.

ಅಪ್ಪಟ ರೆಂಟಲ್ ಬೇಕೆಂದರೆ 1998ರ ರ್‍ಯಾಂಡಿ ಜಾನ್ಸನ್. ಜುಲೈ 31ರಂದು ಸಿಯಾಟಲ್‌ನಿಂದ ಹ್ಯೂಸ್ಟನ್‌ಗೆ ಬಂದ. 10 ಗೆಲುವು, 1 ಸೋಲು, ಇಆರ್‌ಎ 1.28. ಬಾಡಿಗೆಗೆ ಬಂದ ಯಾರಿಂದಲೂ ಇದಕ್ಕಿಂತ ಹೆಚ್ಚು ಕೇಳಲು ಆಗುವುದಿಲ್ಲ. ಆದರೂ ಪ್ಲೇಆಫ್‌ನಲ್ಲಿ ಅವನ ಎರಡೂ ಪಂದ್ಯಗಳಲ್ಲಿ ಹ್ಯೂಸ್ಟನ್ ಗಳಿಸಿದ್ದು ತಲಾ ಒಂದೇ ರನ್. ಎರಡೂ ಸೋಲು. ಚಳಿಗಾಲದಲ್ಲಿ ಜಾನ್ಸನ್ ಅರಿಜೋನಾಗೆ ಹೋದ. ಸಿಯಾಟಲ್‌ಗೆ ಸಿಕ್ಕ ಮೂವರಲ್ಲಿ ಪಿಚರ್ ಫ್ರೆಡಿ ಗಾರ್ಸಿಯಾ 2001ರಲ್ಲಿ 18 ಪಂದ್ಯ ಗೆದ್ದ. ಆ ವರ್ಷ ಸಿಯಾಟಲ್ 116 ಪಂದ್ಯ ಗೆದ್ದು ದಾಖಲೆಯನ್ನು ಸರಿಗಟ್ಟಿತು.

ಕನ್ಸಾಸ್ ಸಿಟಿಯ ಕಥೆ ಇದಕ್ಕೆ ತದ್ವಿರುದ್ಧ. 2015ರಲ್ಲಿ ರಾಯಲ್ಸ್ ತಂಡ ಜಾನಿ ಕ್ವೇಟೊಗಾಗಿ ಸಿನ್ಸಿನಾಟಿಗೆ ಮೂವರು ಎಡಗೈ ಪಿಚರ್‌ಗಳನ್ನು ಕೊಟ್ಟಿತು: ಬ್ರ್ಯಾಂಡನ್ ಫಿನೆಗನ್, ಜಾನ್ ಲ್ಯಾಂಬ್, ಕೋಡಿ ರೀಡ್. ಫಿನೆಗನ್ ಹಿಂದಿನ ವರ್ಷವಷ್ಟೇ ಕಾಲೇಜು ವರ್ಲ್ಡ್ ಸೀರೀಸ್ ಮತ್ತು ಮೇಜರ್ ಲೀಗ್ ವರ್ಲ್ಡ್ ಸೀರೀಸ್ ಎರಡನ್ನೂ ಒಂದೇ ವರ್ಷದಲ್ಲಿ ಆಡಿದ್ದ. ಕ್ವೇಟೊ ಬಂದ ಮೇಲೆ ಸೀಸನ್‌ನಲ್ಲಿ 4 ಗೆದ್ದ, 7 ಸೋತ. ಜನ ಗೊಣಗಿದರು. ಅಕ್ಟೋಬರ್‌ನಲ್ಲಿ ಹ್ಯೂಸ್ಟನ್ ಎದುರು ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ 8 ಇನ್ನಿಂಗ್ಸ್‌ಗೆ ಎರಡೇ ರನ್ ಕೊಟ್ಟ. ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯವನ್ನು ಪೂರ್ತಿ ತಾನೇ ಎಸೆದ, ಎದುರಾಳಿಗೆ ಎರಡೇ ಹಿಟ್. 1985ರ ನಂತರ ರಾಯಲ್ಸ್‌ಗೆ ಮೊದಲ ಪಟ್ಟ ಬಂತು. ಕೊಟ್ಟ ಮೂವರಲ್ಲಿ ಯಾರೂ ಏಸ್ ಆಗಲಿಲ್ಲ.

ಹಾಗಾದರೆ ತೂಗುವುದು ಹೇಗೆ? ಮೊದಲ ಪ್ರಶ್ನೆ ತಂಡ ಎಲ್ಲಿ ನಿಂತಿದೆ ಎಂಬುದು. ಒಂದೆರಡು ಪಂದ್ಯಗಳ ಅಂತರದಲ್ಲಿ ಹೋರಾಡುತ್ತಿರುವ ತಂಡಕ್ಕೆ ಏಸ್ ಗೆಲ್ಲಿಸಿಕೊಡುವ ಎರಡು ಮೂರು ಪಂದ್ಯ ಬಂಗಾರ. ಹತ್ತು ಪಂದ್ಯ ಹಿಂದಿರುವ ತಂಡಕ್ಕೆ ಅದೇ ಗೆಲುವುಗಳಿಂದ ಏನೂ ಆಗದು. ಎರಡನೆಯದು ಕಣಜ ತುಂಬಿದೆಯೇ ಎಂಬುದು. ಆರು ಪಿಚಿಂಗ್ ಪ್ರಾಸ್ಪೆಕ್ಟ್ ಇರುವವರು ಇಬ್ಬರನ್ನು ಕೊಡಬಹುದು. ಮೂರನೆಯದು ಏಸ್ ಬಿಟ್ಟುಹೋದ ಮೇಲೆ ಏನು ಉಳಿಯುತ್ತದೆ ಎಂಬುದು. ಹಿಂದೆ ಅಂಥವನು ಹೋದರೆ, ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಪರಿಹಾರವಾಗಿ ಹೆಚ್ಚಿನ ಆಯ್ಕೆ ಸಿಗುತ್ತಿತ್ತು. 2012ರಿಂದ ಸೀಸನ್ ನಡುವೆ ಬಂದವನಿಗೆ ಅದೂ ಇಲ್ಲ. ಇಷ್ಟಾಗಿಯೂ, ತಂಡ ನಿಜಕ್ಕೂ ಹತ್ತಿರ ಇದ್ದರೆ ಕೊಡಬೇಕು ಎನ್ನುವ ಕಡೆ ನಾನು. ತೋಳುಗಳು ಕಾದು ಕೂರುವುದಿಲ್ಲ.

ಕೊಡಬೇಕೇ ಬೇಡವೇ ಎಂಬುದಕ್ಕಿಂತ ಯಾರನ್ನು ಕೊಡಬೇಕು ಎಂಬುದು ಕಷ್ಟ. 2008ರ ಜುಲೈನಲ್ಲಿ ಮಿಲ್ವಾಕಿ ತಂಡ ಕ್ಲೀವ್‌ಲ್ಯಾಂಡ್‌ನಿಂದ ಸಿಸಿ ಸಬಾಥಿಯಾನನ್ನು ತಂದಿತು. ಅವನು 17 ಪಂದ್ಯ ಆಡಿ 11 ಗೆದ್ದ. ಕರಾರು ಮುಗಿಯುವ ಹೊಸ್ತಿಲಲ್ಲಿ ತನ್ನ ತೋಳಿನ ಬಗ್ಗೆ ಯೋಚಿಸದೆ ಕೊನೆಯ ಮೂರು ಪಂದ್ಯಗಳಿಗೆ ಮೂರೇ ದಿನದ ವಿಶ್ರಾಂತಿಯಲ್ಲಿ ಇಳಿದ. ನನಗೆ ಈ ಆಟದಲ್ಲಿ ಬಹಳ ಇಷ್ಟವಾದ ಕ್ಷಣಗಳಲ್ಲಿ ಅದೊಂದು. 26 ವರ್ಷಗಳ ಮೇಲೆ ಊರಿಗೆ ಪ್ಲೇಆಫ್ ಬಂತು. ಕ್ಲೀವ್‌ಲ್ಯಾಂಡ್‌ಗೆ ಹೋದವರಲ್ಲಿ ಎಲ್ಲರ ಕಣ್ಣು ಇದ್ದದ್ದು ಬ್ಯಾಟರ್ ಮ್ಯಾಟ್ ಲಾಪೋರ್ಟಾ ಮೇಲೆ. ಇಬ್ಬರು ಪಿಚರ್‌ಗಳೂ ಇದ್ದರು. ಇನ್ನೊಬ್ಬನ ಹೆಸರು ಆಮೇಲೆ ಹೇಳುವುದೆಂದು ಮಾತಾಗಿತ್ತು. ಮಿಲ್ವಾಕಿ ಪ್ಲೇಆಫ್ ತಲುಪಿದರೆ ಅವನನ್ನು ಆರಿಸುವ ಹಕ್ಕು ಕ್ಲೀವ್‌ಲ್ಯಾಂಡ್‌ಗೆ. ಸಬಾಥಿಯಾ ತಲುಪಿಸಿದ, ಕ್ಲೀವ್‌ಲ್ಯಾಂಡ್ ಆರಿಸಿತು. ಲಾಪೋರ್ಟಾ ನಿಲ್ಲಲಿಲ್ಲ, ಪಿಚರ್‌ಗಳೂ ನಿಲ್ಲಲಿಲ್ಲ. ಕೊನೆಗೆ ಆರಿಸಿದ ಮೈಕಲ್ ಬ್ರ್ಯಾಂಟ್ಲಿ ಐದು ಸಲ ಲೀಗ್‌ನ ತಾರೆಯರ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದ.